ಧಾರವಾಡದಲ್ಲಿ ಬುದ್ಧಿ ಅಳೆದವರು

ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಬೋಧನೆ ಕೊಡಿಸಬೇಕೆಂದು ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ 1905ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಪರೀಕ್ಷೆ ಸಿದ್ಧಪಡಿಸಿದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ತಿದ್ದಿ ಬೆಳೆಸಿದರು. ಅದನ್ನು ಕನ್ನಡದ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್.

ಅವರು ಈ ಕೆಲಸ ಮಾಡಿದ ಧಾರವಾಡ ಆಗ ಮುಂಬಯಿ ಪ್ರಾಂತ್ಯದ ಊರು. ಅಲ್ಲಿ ಕನ್ನಡ ಮಾತಾಡುವ ಮಕ್ಕಳೂ ಇದ್ದರು, ಮರಾಠಿ ಮಾತಾಡುವವರೂ ಇದ್ದರು. ಪ್ರಶ್ನೆಗಳನ್ನು ಬರೀ ಅನುವಾದಿಸಿದರೆ ಸಾಲುತ್ತಿರಲಿಲ್ಲ. ಯಾವ ಪ್ರಶ್ನೆಗೆ ಯಾವ ವಯಸ್ಸಿನವರು ಉತ್ತರಿಸಬಲ್ಲರು ಎಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಬೇಕಿತ್ತು. ಕಾಮತರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ನಿಂತಿತು. ಒಬ್ಬ ಸಂಶೋಧಕ ಆ ಕಾಲದಲ್ಲಿ ಮಾಡಿದ ಕೆಲಸವಾಗಿ ಇದು ನಿಜಕ್ಕೂ ದೊಡ್ಡದು.

ಇಂಥ ಪರೀಕ್ಷೆಗೆ ಎರಡು ಗುಣ ಬೇಕು. ಅಂಕಗಳು ಮನಬಂದಂತೆ ಏರಿಳಿಯಬಾರದು, ಅದು ವಿಶ್ವಸನೀಯತೆ. ಏನನ್ನು ಅಳೆಯುತ್ತೇನೆ ಎನ್ನುತ್ತದೋ ಅದನ್ನೇ ಅಳೆಯಬೇಕು, ಅದು ಸಿಂಧುತ್ವ. ಬಿನೆ-ಕಾಮತ್ ಪರೀಕ್ಷೆಯ ವಿಶ್ವಸನೀಯತೆಯ ಗುಣಾಂಕ ಎಲ್ಲ ವಯಸ್ಸಿನಲ್ಲೂ 0.7ಕ್ಕಿಂತ ಮೇಲಿತ್ತು. ಸಿಂಧುತ್ವಕ್ಕೆ ಹಿಡಿದ ಒರೆಗಲ್ಲು ಶಿಕ್ಷಕರ ಅಭಿಪ್ರಾಯ. ಅಲ್ಲಿ ಬಂದ ಹೊಂದಿಕೆ 0.5. ಶಿಕ್ಷಕರು ಮಗುವನ್ನು ನೋಡುವುದು ತರಗತಿಯೊಳಗೆ. ಆದ್ದರಿಂದ ಈ ಸಂಖ್ಯೆ ಹೇಳುವುದು ಮುಖ್ಯವಾಗಿ ಶಾಲೆಯ ಜಾಣತನವನ್ನು. ಬಿನೆ ಹೊರಟದ್ದೂ ಅಷ್ಟಕ್ಕೇ.

ಸಿಂಧುತ್ವಕ್ಕೆ ಭಾಷೆಯೂ ಅಡ್ಡಿಯಾಗಬಹುದು. ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಒಪ್ಪಿಸುವ ಪ್ರಶ್ನೆಯನ್ನೇ ನೋಡಿ. ಕನ್ನಡದ ಮಗು ಒಂದು, ಎರಡು, ಮೂರು, ನಾಲ್ಕು ಎನ್ನಬೇಕು. ಮರಾಠಿಯ ಮಗುವಿಗೆ ಏಕ್, ದೋನ್, ತೀನ್, ಚಾರ್. ಒಂದರಿಂದ ಒಂಬತ್ತರವರೆಗೆ ಕನ್ನಡದಲ್ಲಿ ಒಂದೇ ಅಕ್ಷರದಲ್ಲಿ ಮುಗಿಯುವ ಅಂಕಿಯೇ ಇಲ್ಲ. ಇದರ ಪರಿಣಾಮ ಸಣ್ಣದಲ್ಲ ಎನ್ನುವುದಕ್ಕೆ ವೇಲ್ಸ್‌ನ ನಿದರ್ಶನವಿದೆ. ಅಲ್ಲಿನ ದ್ವಿಭಾಷಿಕರು ಇಂಗ್ಲಿಷಿಗಿಂತ ವೆಲ್ಷ್‌ನಲ್ಲಿ ಕಡಿಮೆ ಅಂಕಿಗಳನ್ನು ನೆನಪಿಡುತ್ತಾರೆ, ಏಕೆಂದರೆ ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಬೇಕು ಎಂದು ಎಲ್ಲಿಸ್ ಮತ್ತು ಹೆನೆಲಿ 1980ರಲ್ಲಿ ತೋರಿಸಿದರು. ಮತ್ತೆ ಮತ್ತೆ ಪರೀಕ್ಷಿಸಿದರೂ ಅದೇ ಅಂತರ ಬರಬಹುದು. ಆದರೆ ಅದು ಬುದ್ಧಿಯ ಅಂತರವಲ್ಲ.

ಕಾಲವೂ ಸಿಂಧುತ್ವವನ್ನು ಸವೆಸುತ್ತದೆ. ಅಮೆರಿಕದಲ್ಲಿ ಸರಾಸರಿ ಐಕ್ಯೂ ದಶಕಕ್ಕೆ ಸುಮಾರು 3 ಅಂಕದಂತೆ ಏರುತ್ತ ಬಂದದ್ದನ್ನು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಹಳೆಯ ಮಾನದಂಡದಿಂದ ಅಳೆದರೆ ಇಂದಿನ ಮಗುವಿನ ಅಂಕ ಇರಬೇಕಾದ್ದಕ್ಕಿಂತ ಹೆಚ್ಚು ಕಾಣುವ ಸಂಭವವಿದೆ. ಬಿನೆ-ಕಾಮತ್ ಪರೀಕ್ಷೆ ಭಾರತದ ಚಿಕಿತ್ಸಾಲಯಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಬೌದ್ಧಿಕ ಅಂಗವೈಕಲ್ಯವನ್ನು ನಿರ್ಧರಿಸುವಾಗ ಐಕ್ಯೂ 70ರ ಗೆರೆಯನ್ನು ವೈದ್ಯರು ಗಮನಿಸುತ್ತಾರೆ. ಆ ಗೆರೆಯ ಅಂಚಿನಲ್ಲಿರುವ ಮಗುವಿಗೆ ಹಳೆಯ ಮಾನದಂಡ ನಾಲ್ಕೈದು ಅಂಕ ಹೆಚ್ಚು ಕೊಟ್ಟರೆ, ಅಂಗವೈಕಲ್ಯದ ಪ್ರಮಾಣಪತ್ರವೂ ಅದರ ಜೊತೆಗೆ ಬರಬೇಕಾದ ನೆರವೂ ಕೈತಪ್ಪಬಹುದು.