ಬಾವಂಚಿ ಬೀಜ, ಬಿಸಿಲು ಮತ್ತು ಒಂದು ತಪ್ಪು ಹೆಸರು

ಶಿರವಾಳದ ಹಳೆಯ ಗುಡಿಗಳನ್ನು ನೋಡಲು ಹೋದಾಗಲೆಲ್ಲ ನನ್ನ ಕಣ್ಣು ಹೊಲದ ಬದುವಿನತ್ತ ಸರಿಯುತ್ತದೆ. ನಮ್ಮ ಎರೆಭೂಮಿಯಲ್ಲಿ ತಾನಾಗಿಯೇ ಹುಟ್ಟುವ ಬಾವಂಚಿ ಗಿಡವನ್ನು ಹುಡುಕುತ್ತೇನೆ. ನಸುನೇರಳೆ ಬಣ್ಣದ ಪುಟ್ಟ ಹೂಗೊಂಚಲು, ಒಂದೇ ಬೀಜವಿರುವ ಕಪ್ಪು ಕಾಯಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಅದು ನನಗೆ ಅಪರೂಪವಾಗಿಯೇ ಕಾಣಸಿಗುತ್ತದೆ. ಈ ಗಿಡದ ಚರಿತ್ರೆಯನ್ನು ಓದುವಂತೆ ಮಾಡಿದ್ದು ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

1988ರ ಸುಮಾರು. ಈ ಭಾಗದ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳ ಕೈ ಮೇಲೆ ಬಿಳಿ ಕಲೆಗಳು ಕಾಣಿಸಿಕೊಂಡವು. ಒಂದು ದಿನ ಇನ್ನೊಬ್ಬ ವಿದ್ಯಾರ್ಥಿನಿಯ ತಂದೆ ಬಂದು, "ಸರ್ರ, ಆ ಹುಡುಗಿಗಿ ಬಿಳಿಕುಷ್ಠ ಐತ್ರಿ. ನಮ್ಮ ಹುಡುಗಿ ಬಾಜೂಕ ಕುಂದ್ರಸಬ್ಯಾಡ್ರಿ" ಎಂದರು. ನಾನು ವಾದಿಸಲಿಲ್ಲ. ಆ ಬಾಲಕಿಯನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದೆ. ಕೆಲವು ದಿನಗಳ ನಂತರ ಅವಳ ಕೈತುಂಬ ಬೊಬ್ಬೆಗಳೆದ್ದಿದ್ದವು. ಅಜ್ಜಿ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿನಲ್ಲಿ ಕೂರಿಸಿದ್ದರಂತೆ. ಅಜ್ಜಿಯದು ಮೌಢ್ಯವೆಂದು ನಾನು ಸಹೋದ್ಯೋಗಿಗಳ ಮುಂದೆ ನಕ್ಕಿದ್ದೂ ಉಂಟು. ಹತ್ತನೆಯ ತರಗತಿಯ ಪರೀಕ್ಷೆಗೆ ಮುನ್ನವೇ ಅವಳು ಶಾಲೆ ಬಿಟ್ಟಳು.

ಅಜ್ಜಿಯದು ಪೂರ್ತಿ ಮೌಢ್ಯವಲ್ಲವೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಬಾವಂಚಿಗೆ ಬಾಕುಚಿ, ಸೋಮರಾಜಿ, ಅವಲ್ಗುಜ ಎಂಬ ಹೆಸರುಗಳಿವೆ. ತೊನ್ನಿಗೆ ಮದ್ದು ಕುಡಿಸಿ, ರೋಗಿಯನ್ನು ಶಕ್ತ್ಯಾನುಸಾರ ಬಿಸಿಲಿಗೆ ಒಡ್ಡುವ ಕ್ರಮ ಚರಕಸಂಹಿತೆಯಲ್ಲಿಯೇ ಇದೆ. ಅಲ್ಲಿ ಹೇಳಿರುವುದು ಕಾಡು ಅತ್ತಿಯನ್ನು. ಅತ್ತಿಯ ಕುಲದಲ್ಲಿಯೂ ಬಾವಂಚಿಯಲ್ಲಿರುವಂಥ ರಾಸಾಯನಿಕಗಳುಂಟು. ಇಂಥ ವೈದ್ಯವಿದ್ಯೆ ಕನ್ನಡಕ್ಕೂ ಬಂದಿತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮನು 'ಗೋವೈದ್ಯ'ವನ್ನು ಬರೆದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು.

ಬಾವಂಚಿ ಬೀಜ ಕಡಲನ್ನೂ ದಾಟಿತು. ಚೀನೀ ವೈದ್ಯದಲ್ಲಿ ಅದರ ಹೆಸರು 'ಬುಗುಝಿ'. ಕ್ರಿ.ಶ. 812ರಲ್ಲಿ ದಕ್ಷಿಣ ಚೀನಾದಲ್ಲಿ ಅಧಿಕಾರಿಯಾಗಿದ್ದ ವೃದ್ಧ ಝೆಂಗ್ ಯಿನ್ ಎಂಬಾತನಿಗೆ ಆಗ್ನೇಯ ಏಷ್ಯಾದ ಹಡಗಿನ ಯಜಮಾನನೊಬ್ಬ ಈ ಮದ್ದನ್ನೂ ಅದನ್ನು ಸೇವಿಸುವ ವಿಧಾನವನ್ನೂ ಕೊಟ್ಟನೆಂದು ಅಲ್ಲಿನ ಹಳೆಯ ಔಷಧ ಗ್ರಂಥಗಳು ದಾಖಲಿಸಿವೆ. ಆ ಚೀನೀ ಹೆಸರಿಗೆ ಎಲುಬನ್ನು ಬಲಪಡಿಸುವುದು ಎಂಬರ್ಥ ಬರುವಂತಿದ್ದರೂ, ಅದನ್ನು ಹೋಲುವ ವಿದೇಶೀ ಹೆಸರೊಂದನ್ನೂ ಹದಿನಾರನೆಯ ಶತಮಾನದ ಲಿ ಷಿಝೆನ್ ದಾಖಲಿಸಿದ್ದಾನೆ. ನಮ್ಮ 'ವಾಕುಚಿ'ಯ ದನಿ ಅದರಲ್ಲಿ ಕೇಳಿಸುವುದಿಲ್ಲವೇ? ಚೀನೀ ವೈದ್ಯರೂ ಇದನ್ನು ತೊನ್ನಿಗೆ ಹಚ್ಚುತ್ತಾರೆ.

ಇದರ ಗುಟ್ಟನ್ನು ಬಿಡಿಸಿದ್ದು ಇಪ್ಪತ್ತನೆಯ ಶತಮಾನ. ಬೀಜದಲ್ಲಿರುವ ಸೊರಾಲೆನ್ ಎಂಬ ವಸ್ತುವು ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಮಾತ್ರ ಚುರುಕಾಗುತ್ತದೆ. ಪ್ರಮಾಣ ಹದವಾಗಿದ್ದರೆ ಕೂದಲ ಬುಡದಲ್ಲಿ ಉಳಿದಿರುವ ವರ್ಣಕೋಶಗಳು ಎಚ್ಚೆತ್ತು, ಕಲೆಯ ನಡುವೆ ಚುಕ್ಕಿಚುಕ್ಕಿಯಾಗಿ ಬಣ್ಣ ಮೂಡುತ್ತದೆ. ಮಿತಿ ಮೀರಿದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. 1940ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೊಫ್ತಿ ಈಜಿಪ್ಟಿನ ಬೇರೊಂದು ಗಿಡದಿಂದ ತೆಗೆದ ಇದೇ ಬಗೆಯ ವಸ್ತುವನ್ನು ತೊನ್ನಿನ ರೋಗಿಗಳಿಗೆ ಕೊಟ್ಟನು. 1974ರಲ್ಲಿ ಅಮೆರಿಕದ ವೈದ್ಯರು ಸೊರಾಲೆನ್ ಮತ್ತು ಅಳತೆಯ ಕಿರಣಗಳನ್ನು ಕೂಡಿಸಿ ಸೋರಿಯಾಸಿಸ್‌ಗೆ ಚಿಕಿತ್ಸೆ ನೀಡಿ, 'ಪುವಾ' ಎಂಬ ಹೆಸರನ್ನು ರೂಢಿಗೆ ತಂದರು. ಅಜ್ಜಿಗೆ ಗಿಡವೂ ಗೊತ್ತಿತ್ತು, ಬಿಸಿಲೂ ಗೊತ್ತಿತ್ತು. ಅಳತೆ ಮಾತ್ರ ಗೊತ್ತಿರಲಿಲ್ಲ. ಓದುಗರು ಇದನ್ನು ಮನೆಯಲ್ಲಿ ಪ್ರಯೋಗಿಸಬಾರದೆಂದು ವಿನಂತಿಸುತ್ತೇನೆ. ಹೊಟ್ಟೆಗೆ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ.

ಆದರೆ ಹಳೆಯ ಗ್ರಂಥಗಳು ಮದ್ದಿನೊಡನೆ ಒಂದು ಹೆಸರನ್ನೂ ನಮಗೆ ದಾಟಿಸಿದವು. ಅವು ತೊನ್ನನ್ನು ಕುಷ್ಠದ ಅಧ್ಯಾಯದಲ್ಲಿಯೇ ಇಟ್ಟವು. ಆ ಕಾಲದಲ್ಲಿ 'ಕುಷ್ಠ'ವೆಂಬುದು ಅನೇಕ ಚರ್ಮರೋಗಗಳಿಗೆ ಸಲ್ಲುತ್ತಿದ್ದ ವಿಶಾಲವಾದ ಮಾತು. ನಾವೀಗ ಕುಷ್ಠವೆನ್ನುವ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸೆನ್ ಕಂಡದ್ದು 1873ರಲ್ಲಿ. ತೊನ್ನಿಗೂ ಅದಕ್ಕೂ ಸಂಬಂಧವಿಲ್ಲ. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ವರ್ಣಕೋಶಗಳನ್ನು ನಾಶಮಾಡುತ್ತದೆ. ಅದು ಯಾರಿಗೂ ಅಂಟುವುದಿಲ್ಲ. ಗ್ರಂಥಗಳ ಸೂಕ್ಷ್ಮವಾದ ಅವಲೋಕನವನ್ನು ನಾವು ಮರೆತೆವು. 'ಬಿಳಿಕುಷ್ಠ' ಎಂಬ ಮಾತನ್ನು ಮಾತ್ರ ಭದ್ರವಾಗಿ ಉಳಿಸಿಕೊಂಡೆವು. ಆ ಮಾತಿಗೆ ಹೆದರಿ ಎಷ್ಟು ಮದುವೆಗಳು ಮುರಿದಿವೆಯೋ, ಎಷ್ಟು ಮಕ್ಕಳು ಕೊನೆಯ ಬೆಂಚಿಗೆ ಸರಿದಿದ್ದಾರೆಯೋ!

ಅಜ್ಜಿಯ ಮದ್ದಿನಿಂದಾದ ಬೊಬ್ಬೆಗಳು ಕೆಲವು ವಾರಗಳಲ್ಲಿ ಮಾಯ್ದಿರಬಹುದು. ನಾನು ಮಾಡಿದ ಗಾಯ ಮಾಯ್ದಿತೇ ಎಂದು ಕೇಳಲು ಆ ಬಾಲಕಿ ಮತ್ತೆ ನನಗೆ ಸಿಗಲಿಲ್ಲ. ಪಕ್ಕದಲ್ಲಿ ಕುಳಿತರೆ ಇದು ಅಂಟುವುದಿಲ್ಲವೆಂದು ಅಂದು ಆ ತಂದೆಗೆ ಹೇಳಿ, ಅದೇ ಮಾತನ್ನು ತರಗತಿಯಲ್ಲಿಯೂ ಹೇಳಲು ಒಂದು ನಿಮಿಷ ಸಾಕಾಗಿತ್ತು. ಸೇವೆಯಲ್ಲಿರುವ ಕಿರಿಯ ಶಿಕ್ಷಕ ಮಿತ್ರರು ಆ ಒಂದು ನಿಮಿಷವನ್ನು ಕಳೆದುಕೊಳ್ಳದಿರಲಿ.