ಡಿಸ್ಕಿನೊಳಗೂ ಒಂದು ಲಿಂಗನಮಕ್ಕಿ

ಹೊಸ ಡಿಸ್ಕನ್ನು ಲಿನಕ್ಸಿನಲ್ಲಿ ಫಾರ್ಮ್ಯಾಟ್ ಮಾಡಿದ ಬ್ಲಾಗಿಗರಿಗೆಲ್ಲ ಈ ಅನುಮಾನ ಬಂದೇ ಇರುತ್ತದೆ: ಒಂದು ಫೈಲೂ ಹಾಕಿಲ್ಲ, ಆಗಲೇ ಇಷ್ಟು ಜಾಗ ಎಲ್ಲಿಗೆ ಹೋಯ್ತು?

ನಮ್ಮ ಸಾಗರ, ಹೊಸನಗರದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ೧೯೬೪ರ ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ಮಟ್ಟ ೧೮೧೯ ಅಡಿ. ನೀರು ಬರುವ ಮೊದಲೇ ಆ ಗೆರೆ ಎಳೆದಾಗಿತ್ತು. ಯಾರ ತೋಟ ಉಳಿಯುತ್ತದೆ, ಯಾರದು ಮುಳುಗುತ್ತದೆ ಅನ್ನುವುದೂ ಅದರಿಂದಲೇ ತೀರ್ಮಾನವಾಯಿತು. ಮಳೆ ಕಡಿಮೆಯಾದ ವರ್ಷ ನೀರು ಆ ಗೆರೆ ಮುಟ್ಟುವುದೇ ಇಲ್ಲ, ಜಾಗ ಮಾತ್ರ ಅದರದ್ದೇ.

ಡಿಸ್ಕಿನಲ್ಲಿ ಗೆರೆ ಎಳೆಯುವ ಈ ಪದ್ಧತಿ ಹಳೆಯದು. ಬರ್ಕ್ಲಿಯ ಮೆಕ್ಯೂಸಿಕ್ ಮತ್ತು ಗೆಳೆಯರು ಯುನಿಕ್ಸಿಗೆ ಮಾಡಿದ ಫಾಸ್ಟ್ ಫೈಲ್ ಸಿಸ್ಟಮ್‌ನ ಪ್ರಬಂಧ ಬಂದದ್ದು ೧೯೮೪ರಲ್ಲಿ. ಅದರಲ್ಲಿ ಶೇ. ೧೦ ಜಾಗ ಖಾಲಿ ಬಿಡಬೇಕಿತ್ತು. ಡಿಸ್ಕು ಪೂರ್ತಿ ತುಂಬಿದರೆ ಒಂದೇ ಫೈಲಿನ ತುಂಡುಗಳು ದಿಕ್ಕಾಪಾಲಾಗಿ, ಓದುವುದು ನಿಧಾನವಾಗುತ್ತಿತ್ತು. ೧೯೯೩ರಲ್ಲಿ ಲಿನಕ್ಸಿಗೆ ರೆಮಿ ಕಾರ್ಡ್ ತಂದ ಎಕ್ಸ್ಟ್೨ರಲ್ಲಿ ಇದು ಶೇ. ೫ ಆಯಿತು. ಈ ಪಾಲು ರೂಟ್‌ಗೆ ಮೀಸಲು. ಮನೆಯಲ್ಲಿ ಬೀಜದ ಭತ್ತ ತೆಗೆದಿಟ್ಟ ಹಾಗೆ, ಉಳಿದದ್ದು ಖಾಲಿಯಾದರೂ ಇದನ್ನು ಮುಟ್ಟುವಂತಿಲ್ಲ. ಡಿಸ್ಕು ಬೆಳೆದರೂ ಲೆಕ್ಕ ಬೆಳೆಯಲಿಲ್ಲ ನೋಡಿ. ೨ ಟೆರಾಬೈಟಿನಲ್ಲಿ ಶೇ. ೫ ಅಂದರೆ ೧೦೦ ಜೀಬಿ! ಬರೀ ಫೋಟೋ ಇಡುವ ಡಿಸ್ಕಿಗೆ ಇದು ದಂಡ ಅಂತಲೇ ನನ್ನ ಅಭಿಪ್ರಾಯ. ಪುಣ್ಯಕ್ಕೆ ಇದನ್ನು ಆಮೇಲೂ ಇಳಿಸಬಹುದು.

ಇಳಿಸಲಾಗದ್ದು ಇನೋಡ್ ಲೆಕ್ಕ. ಪ್ರತಿ ಫೈಲಿಗೂ ಒಂದು ಇನೋಡ್ ಬೇಕು, ನಮ್ಮ ಜಮೀನಿಗೊಂದು ಪಹಣಿ ಇದ್ದಹಾಗೆ. ಒಟ್ಟು ಎಷ್ಟು ಅಂತ ಫಾರ್ಮ್ಯಾಟ್ ಮಾಡುವಾಗಲೇ ನಿರ್ಧಾರವಾಗುತ್ತದೆ. ಎಕ್ಸ್ಟ್೪ರ ಈಗಿನ ರೂಢಿ ೧೬೩೮೪ ಬೈಟಿಗೆ ಒಂದು, ಒಂದೊಂದಕ್ಕೂ ೨೫೬ ಬೈಟ್. ಅಂದರೆ ಡಿಸ್ಕಿನ ೬೪ರಲ್ಲಿ ಒಂದು ಪಾಲು ಮೊದಲೇ ಹೋಯಿತು.

ಕನ್ನಡದಲ್ಲಿ ಬರೆಯುವ ನಮಗೆ ಬಿಸಿ ತಟ್ಟುವುದು ಇಲ್ಲೇ. ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟ್. 'ತೀರ್ಥಹಳ್ಳಿ' ಅಂತ ಬರೆದರೆ ೩೦ ಬೈಟ್. ಆದರೆ ಆ ಒಂದೇ ಪದವನ್ನು ಫೈಲ್ ಮಾಡಿಟ್ಟರೆ ಸಾಮಾನ್ಯವಾಗಿ ೪೦೯೬ ಬೈಟಿನ ಇಡೀ ಬ್ಲಾಕು ಅದರ ಪಾಲು. ಪದವೊಂದಕ್ಕೆ, ಪದ್ಯವೊಂದಕ್ಕೆ ಹೀಗೆ ಒಂದೊಂದು ಪುಟ್ಟ ಫೈಲ್ ಮಾಡುತ್ತ ಹೋದರೆ ಡಿಸ್ಕಿನ ಕಾಲು ಭಾಗ ತುಂಬುವಷ್ಟರಲ್ಲಿ ಇನೋಡ್ ಮುಗಿದಿರುತ್ತದೆ. ಮುಕ್ಕಾಲು ಭಾಗ ಖಾಲಿ ಇದ್ದರೂ 'ಜಾಗವಿಲ್ಲ' ಅನ್ನುತ್ತದೆ ಕಂಪ್ಯೂಟರು. ಅಂಥ ಸಂಗ್ರಹ ಮಾಡುವವರು ಫಾರ್ಮ್ಯಾಟ್ ಮಾಡುವಾಗಲೇ ೪೦೯೬ಕ್ಕೊಂದು ಇನೋಡ್ ಕೇಳಿಕೊಳ್ಳಿ. ಆಗ ಇನೋಡ್‌ಗಳೇ ೧೬ರಲ್ಲಿ ಒಂದು ಪಾಲು ತಿನ್ನುತ್ತವೆ, ತಿನ್ನಲಿ ಬಿಡಿ.