ನಮ್ಮ ಜಿಲ್ಲೆಯಲ್ಲಿ 2,944 ಜನ ಕಮ್ಮಿ: ಹೋದವರೆಲ್ಲಿ, ಉಳಿದಿದ್ದೇನು?

ಚಿಕ್ಕಮಗಳೂರು: 2001ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿದ್ದವರು 11,40,905 ಜನ. 2011ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರು 11,37,961. ಅಂದ್ರೆ ಹತ್ತು ವರ್ಷದಲ್ಲಿ 2,944 ಜನ ಕಮ್ಮಿ. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಹೆಚ್ಚಾಗಿ 6.11 ಕೋಟಿ ಮುಟ್ಟಿತ್ತು. ಆ ಸಲ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ನಮ್ಮದೊಂದೇ. ನಮ್ಮ ಹಾಗೇ ಕಾಫಿ ನಂಬಿಕೊಂಡಿರೋ ಕೊಡಗು ಕೂಡ ಶೇ. 1ರಷ್ಟಾದರೂ ಏರಿತ್ತು.

ಏಳನೇ ಕ್ಲಾಸಲ್ಲಿ 'ಜನಸಂಖ್ಯಾ ಸ್ಫೋಟ' ಅಂತ ಎರಡು ಪುಟ ಪ್ರಬಂಧ ಬರೆದು ಹತ್ತಕ್ಕೆ ಎಂಟು ಮಾರ್ಕ್ಸ್ ತಗೊಂಡಿದ್ದೆ. ಆ ಶಾಲೆಗೆ ಈಗ ಮಕ್ಕಳಿಲ್ಲದೆ ಬೀಗ ಬಿದ್ದಿದೆ.

2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ಮುಂದಕ್ಕೆ ಹೋಯ್ತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ ಅಂತ ಕೇಂದ್ರ ಸರ್ಕಾರ ಪ್ರಕಟಿಸಿದೆ. ಅಷ್ಟರೊಳಗೆ ಜನ ಕಮ್ಮಿಯಾದ್ರೆ ಒಂದು ಜಿಲ್ಲೆಗೆ ಏನೇನಾಗುತ್ತೆ ಅನ್ನೋದು ನಮಗೆ ಗೊತ್ತಿರಬೇಕು.

2,944 ಜನ ಮಾತ್ರ ಹೋದರು ಅಂತಲ್ಲ

ಈ ಸಂಖ್ಯೆ ನೋಡಿ, ಅಯ್ಯೋ ಇಷ್ಟೇನಾ ಅನ್ನಬೇಡಿ. ಒಂದು ಜಿಲ್ಲೆಯ ಜನಸಂಖ್ಯೆ ಎರಡು ಲೆಕ್ಕದ ಮೇಲೆ ನಿಂತಿರುತ್ತೆ. ಒಂದು, ಹುಟ್ಟಿದವರು ಮತ್ತು ಸತ್ತವರ ನಡುವಿನ ವ್ಯತ್ಯಾಸ. ಇನ್ನೊಂದು, ಬಂದವರು ಮತ್ತು ಹೋದವರ ನಡುವಿನ ವ್ಯತ್ಯಾಸ. ಆ ಹತ್ತು ವರ್ಷದಲ್ಲಿ ಇಲ್ಲಿ ಮಕ್ಕಳು ಹುಟ್ಟೋದೇನೂ ನಿಂತಿರಲಿಲ್ಲ. ರಾಜ್ಯ ಬೆಳೆದ ವೇಗದ ಅರ್ಧದಷ್ಟು ನಾವು ಬೆಳೆದಿದ್ದರೂ ಸುಮಾರು 89 ಸಾವಿರ ಜನ ಹೆಚ್ಚಾಗಬೇಕಿತ್ತು. ಅದು ಆಗದೆ ಕಮ್ಮಿಯಾಗಿದೆ ಅಂದ್ರೆ, ಹೋದವರನ್ನು ಸಾವಿರಗಳಲ್ಲಿ ಅಲ್ಲ, ಹತ್ತಾರು ಸಾವಿರಗಳಲ್ಲಿ ಎಣಿಸಬೇಕು.

2011ರಲ್ಲಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,008 ಹೆಂಗಸರಿದ್ದರು. ರಾಜ್ಯದ ಸರಾಸರಿ 973. ದುಡಿಯೋ ವಯಸ್ಸಿನ ಗಂಡುಮಕ್ಕಳು ಹೊರಗೆ ಹೋಗಿರೋದು ಇದಕ್ಕೊಂದು ಕಾರಣ. ಹೆಣ್ಣುಮಕ್ಕಳೂ ಹೋಗಿದ್ದಾರೆ. ಓದಿದವರಂತೂ ಇನ್ನೂ ಹೆಚ್ಚು.

ಯಾಕೆ ಹೋದರು ಅಂತ ಕೇಳಿದ್ರೆ ಒಂದೇ ಉತ್ತರ ಸಿಗಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. ಸಾಲ ಮಾಡಿದ ಸಣ್ಣ ಬೆಳೆಗಾರರು ಮೇಲೇಳೋಕೆ ವರ್ಷಗಳೇ ಹಿಡಿದವು. ಶೃಂಗೇರಿ, ಕೊಪ್ಪ ಕಡೆ ಅಡಿಕೆಗೆ ಹಳದಿ ಎಲೆ ರೋಗ, ಈಗ ಅದರ ಜೊತೆ ಎಲೆಚುಕ್ಕಿ. ಎರಡು ಎಕರೆ ತೋಟ ಮೂವರು ಅಣ್ಣತಮ್ಮಂದಿರಿಗೆ ಹಂಚಿದ್ರೆ ಯಾರಿಗೂ ಸಾಲಲ್ಲ, ಹಾಗಾಗಿ ಇಬ್ಬರು ಬೆಂಗಳೂರು ಬಸ್ ಹತ್ತುತ್ತಾರೆ.

ಬೆಂಗಳೂರು ನಗರ ಜಿಲ್ಲೆಯ ಲೆಕ್ಕ ನೋಡಿ. 2001ರಲ್ಲಿ 65.37 ಲಕ್ಷ ಇದ್ದದ್ದು 2011ಕ್ಕೆ 96.21 ಲಕ್ಷ. ದಿನಕ್ಕೆ 840ಕ್ಕೂ ಹೆಚ್ಚು ಜನ ಸೇರಿದ ಹಾಗೆ. ಅಲ್ಲಿ ಚದರ ಕಿಲೋಮೀಟರಿಗೆ 4,381 ಜನ, ನಮ್ಮಲ್ಲಿ 158. ಆ ನಗರಕ್ಕೆ ಕುಡಿಯೋ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅದೂ ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಸಾಲದೆ 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರು ಮಾಡಿದರು, ದಿನಕ್ಕೆ 77.5 ಕೋಟಿ ಲೀಟರ್. ಮಲೆನಾಡಿನ ಬಾವಿ ಪಕ್ಕದಿಂದ ಎದ್ದು ಹೋದವರು ಅಲ್ಲಿ ಟ್ಯಾಂಕರ್ ನೀರಿಗೆ ಕಾಯ್ತಾರೆ.

ತಲೆ ಲೆಕ್ಕದಲ್ಲಿ ಬರೋ ಸೌಲಭ್ಯ

ಜನ ಹೋದ್ರೆ ಉಳಿದವರಿಗೆ ಹೆಚ್ಚು ಸಿಗುತ್ತೆ ಅಂತ ಅನ್ನಿಸಬಹುದು. ಆಗೋದು ಉಲ್ಟಾ. ಸರ್ಕಾರದ ಹೆಚ್ಚುಕಮ್ಮಿ ಎಲ್ಲ ಸೌಲಭ್ಯಕ್ಕೂ ಒಂದು ತಲೆ ಲೆಕ್ಕ ಇದೆ.

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಮಕ್ಕಳ ಸಂಖ್ಯೆ ಇಳಿದ್ರೆ ಮೇಲಿದ್ದ ಹುದ್ದೆ 'ಹೆಚ್ಚುವರಿ' ಆಗುತ್ತೆ, ಮೇಷ್ಟ್ರಿಗೆ ವರ್ಗ. ಮೇಷ್ಟ್ರು ಹೋದರು ಅಂತ ಇದ್ದ ನಾಲ್ಕು ಮಕ್ಕಳನ್ನೂ ಅಪ್ಪ ಅಮ್ಮ ಪೇಟೆಯ ಕಾನ್ವೆಂಟ್ ವ್ಯಾನಿಗೆ ಹತ್ತಿಸ್ತಾರೆ. ಆಮೇಲೆ ಶಾಲೆಗೆ ಬೀಗ. ಶಾಲೆ ಇಲ್ಲದ ಊರಿಗೆ ಹೊಸದಾಗಿ ಮದುವೆಯಾದವರು ಯಾರೂ ಬಂದು ನೆಲೆಸಲ್ಲ. ಗುಡ್ಡಗಾಡಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 20,000 ಜನ, ಉಪಕೇಂದ್ರಕ್ಕೆ 3,000 ಜನ ಅನ್ನೋ ಮಾನದಂಡ ಇದೆ. ಬಯಲುಸೀಮೆಗಿಂತ ಕಮ್ಮಿ ಇಟ್ಟಿದ್ದಾರೆ ಅನ್ನೋದೇನೋ ನಿಜ. ಆದರೆ ಮನೆಗಳು ಕಿಲೋಮೀಟರಿಗೊಂದು ಇರೋ ಕಡೆ ಅಷ್ಟು ತಲೆ ಕೂಡಿಸೋಕೆ ಎಷ್ಟು ಗುಡ್ಡ ಹತ್ತಿಳಿಯಬೇಕು ಅಂತ ಆಶಾ ಕಾರ್ಯಕರ್ತೆಯರನ್ನ ಕೇಳಿ.

ಪಂಚಾಯ್ತಿಯಲ್ಲೂ ಹಾಗೇ. ಗ್ರಾಮ ಪಂಚಾಯ್ತಿಗೆ 400 ಜನಕ್ಕೆ ಒಬ್ಬ ಸದಸ್ಯ. ವಿಧಾನಸಭೆಗೆ ನಮ್ಮ ಜಿಲ್ಲೆಯಿಂದ ಮೊದಲು ಆರು ಜನ ಹೋಗ್ತಿದ್ದರು. 2008ರ ಚುನಾವಣೆಗೆ 2001ರ ಜನಸಂಖ್ಯೆ ಇಟ್ಟುಕೊಂಡು ಕ್ಷೇತ್ರ ವಿಂಗಡಿಸಿದಾಗ ಬೀರೂರು ಕ್ಷೇತ್ರ ಹೋಯ್ತು, ಈಗ ಐದು. ಬೆಂಗಳೂರು ನಗರ ಜಿಲ್ಲೆಗೆ 28. ಮುಂದಿನ ವಿಂಗಡಣೆಗೆ 2026ರ ನಂತರದ ಮೊದಲ ಗಣತಿಯ ಅಂಕಿಅಂಶವೇ ಆಧಾರ ಅಂತ ಸಂವಿಧಾನದಲ್ಲಿದೆ. ಆನೆ ಓಡಿಸಿ, ರಸ್ತೆ ಮಾಡಿ ಅಂತ ಸದನದಲ್ಲಿ ಕೂಗೋ ದನಿ ಐದೋ, ನಾಲ್ಕೋ ಅನ್ನೋದು ಈ ಎಣಿಕೆಯ ಮೇಲೆ ನಿಂತಿದೆ.

ಇನ್ನೊಂದು ವಿಷಯ. ಇಲ್ಲಿಯವರೆಗಿನ ಇಳಿಕೆ ಮುಖ್ಯವಾಗಿ ಜನ ವಲಸೆ ಹೋಗಿದ್ದರಿಂದ. ಇನ್ನು ಮುಂದೆ ಹುಟ್ಟೋದೂ ಕಮ್ಮಿ. ಜನಸಂಖ್ಯೆ ಇದ್ದಷ್ಟೇ ಇರಬೇಕಾದ್ರೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7. ಹೆರೋದು, ಬಿಡೋದು ಅವರವರ ಮನೆ ವಿಷಯ, ಯಾರೂ ಬುದ್ಧಿ ಹೇಳಬೇಕಿಲ್ಲ. ಆದರೆ ಮುಂದಿನ ದಿನಗಳಲ್ಲಿ ಔಷಧಿ ತಂದುಕೊಡೋಕೆ ಪಕ್ಕದ ಮನೆಯವರನ್ನೇ ನಂಬಿರೋ ವಯಸ್ಸಾದವರ ಮನೆಗಳು ಜಾಸ್ತಿ ಆಗ್ತವೆ. ಆ ಪಕ್ಕದ ಮನೆಯಲ್ಲಿರೋರೂ ಎಪ್ಪತ್ತು ದಾಟಿದವರೇ.

ಹಾಗಾದ್ರೆ ಕಾಡಿಗೆ ಲಾಭ ಆಯ್ತಾ?

ಜನ ಕಮ್ಮಿಯಾದ್ರೆ ಪರಿಸರ ಉಳಿಯುತ್ತೆ ಅಂತ ಸುಲಭವಾಗಿ ಹೇಳಿಬಿಡ್ತಾರೆ. ಒಂದು ಕಡೆ ಅದು ನಿಜ ಆಗಿದ್ದೂ ಇದೆ. 2001-02ರ ಹೊತ್ತಿಗೆ ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳನ್ನು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಿಸಿದರು. ಭೂಮಿಗೆ ಬದಲು ಭೂಮಿ ಕೊಟ್ಟರು. ಬಿಟ್ಟು ಬಂದ ಗದ್ದೆಗಳು ಹುಲ್ಲುಗಾವಲಾದವು, ಅಲ್ಲಿ ಜಿಂಕೆ, ಕಾಟಿ ಮೇಯ್ತವೆ. ದೇಶದಲ್ಲಿ ಪರವಾಗಿಲ್ಲ ಅನ್ನಿಸಿಕೊಂಡ ಪುನರ್ವಸತಿ ಅದು.

ಕುದುರೆಮುಖದ ಕತೆ ಬೇರೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಕೆಲಸಕ್ಕೆ ಅಂತಲೇ ಕಟ್ಟಿದ ಟೌನ್‌ಶಿಪ್ ಖಾಲಿಯಾಯ್ತು. ಕಾಡಿಗೆ, ಭದ್ರಾ ನದಿಗೆ ಉಸಿರು ಬಂತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಿರು ತೊಳೆದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಹಾಗೇ ಕೂತಿದೆ. ಜನ ಖಾಲಿ ಮಾಡಿದ ಹಾಗೆ ಅದನ್ನು ಖಾಲಿ ಮಾಡೋಕಾಗಲ್ಲ.

ಉಳಿದ ಊರುಗಳಲ್ಲಿ ನಡೀತಿರೋದು ಇನ್ನೂ ಗೋಜಲು. ಮಲೆನಾಡಿನ ಗದ್ದೆ ಅಂದ್ರೆ ಬರೀ ಭತ್ತ ಅಲ್ಲ. ಗುಡ್ಡದಿಂದ ಇಳಿದ ಮಳೆನೀರು ಅಲ್ಲಿ ನಿಂತು ಇಂಗ್ತಿತ್ತು, ಕೆಳಗಿನ ಬಾವಿಗೆ ಬೇಸಿಗೆಯಲ್ಲಿ ಅದೇ ಆಸರೆ. ನಾಟಿಗೆ ಆಳಿಲ್ಲ, ಬದು ಕಟ್ಟೋಕೆ ಹುಡುಗರಿಲ್ಲ, ಗದ್ದೆ ಹಡ್ಲು ಬಿತ್ತು. ಇಲ್ಲಾಂದ್ರೆ ಬಸಿಗಾಲುವೆ ತೆಗೆದು ನೀರು ಹೊರಗೆ ಬಿಟ್ಟು ಅಡಿಕೆ ಹಾಕಿದರು. ಹಡ್ಲು ಬಿದ್ದ ಗದ್ದೆಯಲ್ಲಿ ಪೊದೆ ಬೆಳೀತು, ಪೊದೆಗೆ ಕಾಡುಹಂದಿ ಬಂತು. ಪಕ್ಕದವನು ಇನ್ನೂ ಭತ್ತ ಬೆಳೀತಿದ್ರೆ ರಾತ್ರಿ ಕಾಯೋಕೆ ಅವನೊಬ್ಬನೇ. ಮೊದಲು ಹತ್ತು ಮನೆಯವರು ಸರದಿ ಮೇಲೆ ಕಾಯ್ತಿದ್ದರು. ಒಂದೆರಡು ವರ್ಷ ನೋಡಿ ಅವನೂ ಬಿಡ್ತಾನೆ. ಹಂದಿ, ಮಂಗ ಬಂದಿದ್ದಕ್ಕೆ ಜನ ಬಿಟ್ಟರಾ, ಜನ ಬಿಟ್ಟಿದ್ದಕ್ಕೆ ಅವು ಬಂದವಾ ಅಂತ ಕೇಳಿದ್ರೆ, ಎರಡೂ ಹೌದು.

ಆನೆಯನ್ನ ಈ ಲೆಕ್ಕಕ್ಕೆ ಪೂರ್ತಿ ಸೇರಿಸೋದು ತಪ್ಪಾಗುತ್ತೆ. ರಾಜ್ಯದಲ್ಲಿ 2017ರಲ್ಲಿ 6,049 ಆನೆ, 2023ರಲ್ಲಿ 6,395 ಅಂತ ಗಣತಿ ಹೇಳ್ತದೆ. ಓಡಾಡೋ ದಾರಿ ತುಂಡಾಗಿ ಅವು ತೋಟಕ್ಕೆ ಬರೋದು ಬೇರೆಯದೇ ದೊಡ್ಡ ವಿಷಯ. ಆದರೆ ಬೆಳಗ್ಗೆ ತೋಟಕ್ಕೆ ಒಬ್ಬಂಟಿಯಾಗಿ ಹೋಗೋರು ಹೆಚ್ಚಾದಷ್ಟೂ ಅಪಾಯ ಹೆಚ್ಚು ಅನ್ನೋದನ್ನ ಮೂಡಿಗೆರೆ ಕಡೆಯವರಿಗೆ ನಾನು ಹೇಳಬೇಕಿಲ್ಲ.

ಗಣತಿಗೇ ಸಿಗದ ಇನ್ನೊಂದು ಜನಸಂಖ್ಯೆ ಇದೆ: ಶನಿವಾರ, ಭಾನುವಾರದ್ದು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಸಾಲುಗಟ್ಟಿದ ಕಾರುಗಳಲ್ಲಿ ಇರೋರು ನಮ್ಮ ಜಿಲ್ಲೆಯ ಲೆಕ್ಕದಲ್ಲಿಲ್ಲ. ಆದರೆ ನೀರು, ಕಸ, ಹೊಗೆ ನಮ್ಮ ಲೆಕ್ಕಕ್ಕೆ. ಪಂಚಾಯ್ತಿಯ ಒಂದು ಕಸದ ಗಾಡಿ ಊರಿನವರಿಗೆ ಅಂತ ಕೊಟ್ಟಿದ್ದು. ಹೋಮ್‌ಸ್ಟೇಗಳ ಬಾಟಲಿ ತುಂಬೋಕೆ ಸೋಮವಾರ ಒಂದೇ ದಿನ ಸಾಲಲ್ಲ. ಹೋಮ್‌ಸ್ಟೇಯಿಂದಲೇ ಎಷ್ಟೋ ಹುಡುಗರು ಊರಲ್ಲಿ ಉಳ್ಕೊಂಡಿದ್ದಾರೆ ಅನ್ನೋದನ್ನೂ ಬರೆಯದಿದ್ರೆ ನ್ಯಾಯ ಅಲ್ಲ.

ಗಣತಿಯಲ್ಲಿ ಯಾರನ್ನ ಎಲ್ಲಿ ಬರೆಸೋದು?

ಗಣತಿ ಎರಡು ಹಂತದಲ್ಲಿ ನಡೆಯುತ್ತೆ. ಮೊದಲು ಮನೆಪಟ್ಟಿ, ಇದರಲ್ಲಿ ಖಾಲಿ ಬಿದ್ದ ಮನೆಯೂ ಲೆಕ್ಕಕ್ಕೆ ಬರುತ್ತೆ. ಆಮೇಲೆ ಜನರ ಎಣಿಕೆ, ಅದು 2027ರ ಫೆಬ್ರವರಿಯಲ್ಲಿ. ನಮ್ಮಲ್ಲಿ ಅದು ರೊಬಸ್ಟಾ ಕೊಯ್ಲಿನ ಸಮಯ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಲೈನ್ ಮನೆಗಳಲ್ಲಿ ಇರೋ ಕಾರ್ಮಿಕರು ಆ ತಿಂಗಳು ಪೂರ್ತಿ ಇಲ್ಲೇ ಇದ್ರೆ ಅವರನ್ನ ಬರೆಸಬೇಕಾದ್ದು ಇಲ್ಲೇ. ತೋಟದ ಮಾಲೀಕರು ಇದನ್ನ ನೆನಪಲ್ಲಿ ಇಟ್ಟುಕೊಳ್ಳಿ. ಅವರ ಮಕ್ಕಳನ್ನೂ ಬಿಡಬೇಡಿ, ಎಷ್ಟೋ ಕಡೆ ಅಂಗನವಾಡಿ ನಡೀತಿರೋದೇ ಆ ಮಕ್ಕಳಿಂದ.

ಎಣಿಕೆಯ ಅವಧಿ ಪೂರ್ತಿ ಹೊರಗಿರೋರನ್ನ ಊರಿನ ಮನೆಯಲ್ಲಿ ಬರೆಸೋ ಹಾಗಿಲ್ಲ, ಅವರು ಇದ್ದಲ್ಲೇ ಬರೆಸಬೇಕು. ಹಾಸ್ಟೆಲಿನಲ್ಲಿ ಇರೋರಿಗೆ ಹಾಸ್ಟೆಲ್, ಪಿಜಿಯಲ್ಲಿ ಇರೋರಿಗೆ ಪಿಜಿ. ರೇಷನ್ ಕಾರ್ಡ್, ವೋಟರ್ ಐಡಿ ಎಲ್ಲಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಎರಡೂ ಕಡೆ ಬರೆಸೋದು ತಪ್ಪು.

ನಮ್ಮನೆ ಕಾರ್ಡಲ್ಲಿ ಐದು ಹೆಸರಿದೆ. ಅಣ್ಣ, ಅಕ್ಕ ಇಬ್ಬರೂ ಬೆಂಗಳೂರಲ್ಲಿ. ಡಿಗ್ರಿ ಅರ್ಧಕ್ಕೆ ಬಿಟ್ಟ ನಾನು ಊರಲ್ಲಿ. "ಮಕ್ಕಳ ಹೆಸರು ಬಿಟ್ಟು ಹೆಂಗೆ ಬರೆಸೋದೋ?" ಅಂತ ಅಮ್ಮ ಈಗಲೇ ಕೇಳ್ತಿದ್ದಾಳೆ. ನಿಯಮದ ಪ್ರಕಾರ ನಮ್ಮನೆಯಲ್ಲಿ ಬರೆಸಬೇಕಾದ್ದು ಮೂರೇ ಹೆಸರು.